ಎರಡನೆಯ ಓದು: ಕೂಡ್ಲಿಗಿ–ಹರಪನಹಳ್ಳಿ ಸೀಮೆಯ ವಾಚಕನೂ ಕೆಲವು ಕಾದಂಬರಿಗಳೂ

ಕನ್ನಡ ಎಂ.ಎ. ತರಗತಿಗೆ ಸೇರಬಯಸಿ ಬರುವ ವಿದ್ಯಾರ್ಥಿಗಳನ್ನು ನಾವು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತೇವೆ. ಮೊದಲನೆಯದು, ನೀವು ಓದಿದ ಕಾದಂಬರಿಗಳಾವುವು ಎಂಬುದು. ಇದಕ್ಕೆ ಉತ್ತರ ಬೇಗನೆ ಬರುತ್ತದೆ; ಹೆಸರುಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಎರಡನೆಯದು, ಅವುಗಳಲ್ಲಿ ಯಾವುದನ್ನು ಮತ್ತೊಮ್ಮೆ ಓದಿದಿರಿ ಎಂಬುದು. ಇಲ್ಲಿ ಮೌನ, ಒಮ್ಮೊಮ್ಮೆ ನಗೆ. ಒಮ್ಮೆ ಓದಿ ಮುಗಿಸಿದ ಮೇಲೆ ಮತ್ತೆ ಓದುವುದೇಕೆ, ಕಥೆ ತಿಳಿಯಿತಲ್ಲ ಎಂಬ ಭಾವ ಆ ನಗೆಯಲ್ಲಿದೆ. ಆ ನಗೆಯನ್ನು ನಾವು ಹಗುರವಾಗಿ ಕಾಣಲಾರೆವು. ಅದರ ಹಿಂದೆ ಕಾದಂಬರಿ ಎಂದರೇನು ಎಂಬ ಒಂದು ತೀರ್ಮಾನವೇ ಅಡಗಿದೆ. ಆ ತೀರ್ಮಾನ ತಪ್ಪಾಗಿದ್ದರೆ ನಮ್ಮ ವಿಮರ್ಶೆಯ ಬುನಾದಿಯೂ ಸಡಿಲವೇ.

ವಿಚಿತ್ರವೆಂದರೆ, ಹೀಗೆ ನಗುವ ವಿದ್ಯಾರ್ಥಿ ಬಂದ ಸೀಮೆಯಲ್ಲಿ ಮರು ಓದು ಎಂಬುದು ಹೊಸ ಸಂಗತಿಯಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಬಯಲು ನೆಲದಲ್ಲಿ ಶ್ರಾವಣ ಬಂದಿತೆಂದರೆ ಮಠದಲ್ಲೋ ಗುಡಿಯ ಕಟ್ಟೆಯಲ್ಲೋ ಪುರಾಣ ಹಚ್ಚುವುದು ಸಂಪ್ರದಾಯ. ಕೇಳಲು ಬರುವ ಮುದುಕರಿಗೆ ಕಥೆ ತಿಳಿದೇ ಇರುತ್ತದೆ. ಕಳೆದ ವರ್ಷ ಕೇಳಿದ್ದೆವು, ಆದುದರಿಂದ ಈ ವರ್ಷ ಬೇಡ ಎಂದು ಯಾರೂ ಹೇಳುವುದಿಲ್ಲ. ಬಯಲಾಟವೂ ಹಾಗೆಯೇ. ಯಾವ ರಾಕ್ಷಸ ಯಾರ ಕೈಯಲ್ಲಿ ಸಾಯುತ್ತಾನೆಂಬುದು ಬಲ್ಲ ಜನರೇ ಬೆಳಕು ಹರಿಯುವ ತನಕ ಕುಳಿತಿರುತ್ತಾರೆ. ಅವರು ಕಾಯುವುದು ಕಥೆಯ ಮುಕ್ತಾಯವನ್ನಲ್ಲ. ಈ ಸಲದ ಪಾತ್ರಧಾರಿ ಆ ಮಾತನ್ನು ಹೇಗೆ ಎತ್ತುತ್ತಾನೆ ಎಂಬುದನ್ನು.

ಇನ್ನೂ ಸ್ಪಷ್ಟವಾದ ಉದಾಹರಣೆ ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ. ಭರತ ಹುಣ್ಣಿಮೆಯ ಜಾತ್ರೆಯ ಕಾಲದಲ್ಲಿ ಡೆಂಕನಮರಡಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ನೆರೆದ ಲಕ್ಷಾಂತರ ಜನರನ್ನು ಸುಮ್ಮನಾಗಿಸಿ, ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ. ಆ ವಾಕ್ಯ ಜಾತ್ರೆಯಿಂದ ಊರೂರಿಗೆ ಹೋಗುತ್ತದೆ. ಮಳೆಯ ವಿಷಯವೆಂದು ಒಬ್ಬ, ರಾಜಕಾರಣದ ವಿಷಯವೆಂದು ಇನ್ನೊಬ್ಬ, ಜೋಳದ ಧಾರಣೆಯ ಮಾತೆಂದು ಮತ್ತೊಬ್ಬ ಅರ್ಥ ಹೇಳುತ್ತಾನೆ. ಮುಂಗಾರು ಕೈಕೊಟ್ಟರೆ ಅದೇ ವಾಕ್ಯಕ್ಕೆ ಬೇರೆ ಅರ್ಥ ಹುಟ್ಟುತ್ತದೆ. ಚುನಾವಣೆ ಮುಗಿದರೆ ಮತ್ತೊಂದು. ಮೂರು ನಾಲ್ಕು ಮಾತುಗಳ ಒಂದು ವಾಕ್ಯವನ್ನು ಒಂದು ಸೀಮೆ ಇಡೀ ವರ್ಷ ತಿರುತಿರುಗಿ ಓದುವುದೆಂದರೆ ಇದೇ. ಅಭಿನವಗುಪ್ತನು ಸಹೃದಯನ ಲಕ್ಷಣ ಹೇಳುವಾಗ ಕಾವ್ಯದ ಸತತ ಅನುಶೀಲನದಿಂದ ಮನಸ್ಸು ಕನ್ನಡಿಯಾಗುವುದನ್ನು ಮುಂದಿಡುತ್ತಾನೆ. ಅನುಶೀಲನವೆಂದರೆ ಒಮ್ಮೆ ಓದುವುದಲ್ಲ. ಮೈಲಾರದ ಭಕ್ತನಿಗೆ ಅಭಿನವಗುಪ್ತನ ಹೆಸರು ತಿಳಿದಿರಬೇಕಾಗಿಲ್ಲ.

ಹಾಗಾದರೆ ಕಾದಂಬರಿಯ ವಿಷಯದಲ್ಲಿ ಮಾತ್ರ ಈ ಅಭ್ಯಾಸ ಏಕೆ ಕಡಿಯಿತು? ಒಂದು ಕಾರಣ ಆ ಪ್ರಕಾರ ಬಂದ ದಾರಿಯಲ್ಲಿಯೇ ಇದೆ. 1899ರ ‘ಇಂದಿರಾಬಾಯಿ’ಯಿಂದ ಹಿಡಿದು, ಬಿ. ವೆಂಕಟಾಚಾರ್ಯರ ಬಂಗಾಳಿ ಅನುವಾದಗಳು, ಗಳಗನಾಥರ ಐತಿಹಾಸಿಕ ಕಥನಗಳು, ಮುಂದೆ ಪತ್ರಿಕೆಗಳಲ್ಲಿ ವಾರವಾರಕ್ಕೆ ಬಂದ ಧಾರಾವಾಹಿಗಳು, ಇವೆಲ್ಲ ವಾಚಕನನ್ನು ‘ಮುಂದೇನು’ ಎಂಬ ಪ್ರಶ್ನೆಯಿಂದ ಹಿಡಿದು ನಿಲ್ಲಿಸಿದವು. ಆ ಪ್ರಶ್ನೆಗೆ ಉತ್ತರ ದೊರೆತೊಡನೆ ಪುಸ್ತಕವನ್ನು ವಾಚನಾಲಯಕ್ಕೆ ಹಿಂದಿರುಗಿಸಬಹುದು. ಪುರಾಣ ಮನೆಯ ಗ್ರಂಥ. ಕಾದಂಬರಿ ಬಾಡಿಗೆಯ ಗ್ರಂಥ. ಈ ಭೇದ ನಮ್ಮ ಓದಿನ ರೀತಿಯಲ್ಲಿ ಇಂದಿಗೂ ಉಳಿದುಬಂದಿದೆ.

ಇಲ್ಲಿ ನಾವು ಮಾಡಬಯಸುವುದು ಒಂದು ಪರೀಕ್ಷೆ. ಈ ಐದು ತಾಲ್ಲೂಕುಗಳಲ್ಲಿ ಹುಟ್ಟಿದ, ಅಥವಾ ಈ ನೆಲವನ್ನು ಮುಟ್ಟಿ ಹೋಗುವ ಕೆಲವು ಕೃತಿಗಳನ್ನು ತೆಗೆದುಕೊಂಡು, ಎರಡನೆಯ ಓದಿನಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂದು ನೋಡುವುದು. ಪರೀಕ್ಷಕರೂ ಅಲ್ಲಿಯವರೇ ಆದ ವಾಚಕರು. ಇದರಲ್ಲಿ ಒಂದು ಅಪಾಯವುಂಟು. ತನ್ನೂರಿನ ಹೆಸರು ಅಚ್ಚಾದುದನ್ನು ಕಂಡ ವಾಚಕ ಪಡುವ ಹಿಗ್ಗು ಸಾಹಿತ್ಯಾನಂದವೆಂದು ತೋರುವುದು ಸಹಜ. ಗುರುತಿಸುವುದು ಬೇರೆ, ಓದುವುದು ಬೇರೆ. ಮೊದಲ ಓದಿನಲ್ಲಿ ಇವೆರಡೂ ಬೆರೆತಿರುತ್ತವೆ, ಎರಡನೆಯದರಲ್ಲಿ ಬೇರ್ಪಡುತ್ತವೆ.

ಮೊದಲು ಹರಪನಹಳ್ಳಿಯಿಂದ ಆರಂಭಿಸೋಣ. ರಾಯಸಂ ಭೀಮಸೇನರಾವ್ 1913ರಲ್ಲಿ ಹುಟ್ಟಿದ್ದು ಇಲ್ಲಿ. ಅರ್ಧ ಕನ್ನಡ ಅಕ್ಷರ, ಅರ್ಧ ಇಂಗ್ಲಿಷ್ ಅಕ್ಷರಗಳಿಂದ ತಮ್ಮ ಹೆಸರನ್ನು ಬರೆದುಕೊಂಡ ‘ಬೀಚಿ’ ಅವರೇ. ಅಂದಿನ ಬಳ್ಳಾರಿ ಜಿಲ್ಲೆ ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಕಚೇರಿಯಲ್ಲಿ ಇಂಗ್ಲಿಷ್, ಪೇಟೆಯಲ್ಲಿ ತೆಲುಗು. ಕನ್ನಡದಲ್ಲಿ ಓದತಕ್ಕದ್ದೇನಿದೆ ಎಂಬ ಭಾವದಿಂದಿದ್ದ ಈ ತರುಣ ಉದ್ಯೋಗಿಯ ಕೈಗೆ ಅ. ನ. ಕೃಷ್ಣರಾಯರ ‘ಸಂಧ್ಯಾರಾಗ’ ಬಂದಿತು. ಆ ಒಂದು ಕಾದಂಬರಿ ಅವರನ್ನು ಕನ್ನಡಕ್ಕೆ ತಿರುಗಿಸಿತು. ಇದು ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಒಂದು ಪುಸ್ತಕ ಒಬ್ಬ ಮನುಷ್ಯನ ಭಾಷೆಯನ್ನೇ ಬದಲಿಸಿದ ಇಂಥ ನಿದರ್ಶನಗಳು ನಮ್ಮಲ್ಲಿ ಹೆಚ್ಚಿಲ್ಲ.

ಆದರೆ ಪ್ರಶ್ನೆ ಇದು: ಒಬ್ಬ ಬೀಚಿಯವರನ್ನು ಸೃಷ್ಟಿಸಿದ ‘ಸಂಧ್ಯಾರಾಗ’ವನ್ನು ಇಂದು ನಾವು ಎರಡನೆಯ ಸಲ ಓದಬಲ್ಲೆವೆ? ನಮ್ಮ ಅನುಭವವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾದರೆ, ಭಾಗಶಃ ಮಾತ್ರ. ಸಂಗೀತಗಾರ ಲಕ್ಷ್ಮಣನ ಬಾಳನ್ನು ಮೊದಲ ಸಲ ಓದುವಾಗ ಕರಗುವ ಮನಸ್ಸು, ಎರಡನೆಯ ಸಲ ಆ ಕರಗುವಿಕೆಯನ್ನು ಲೇಖಕರು ಹೇಗೆ ಸಿದ್ಧಪಡಿಸುತ್ತಿದ್ದಾರೆ ಎಂಬುದನ್ನು ಕಾಣತೊಡಗುತ್ತದೆ. ಸಂಭಾಷಣೆ ಉದ್ದವಾಗಿ ಭಾಷಣದ ಕಡೆಗೆ ವಾಲುತ್ತದೆ. ಒಳ್ಳೆಯವರು ಬಲು ಒಳ್ಳೆಯವರು. ಸಂಗೀತವನ್ನು ಕುರಿತ ಪುಟಗಳು ಮಾತ್ರ ಬಾಡಿಲ್ಲ, ಅಲ್ಲಿ ಅ.ನ.ಕೃ. ಕಥೆಯನ್ನು ಮರೆತು ತಮಗೆ ಪ್ರಿಯವಾದುದನ್ನು ಬರೆಯುತ್ತಾರೆ. ಒಂದು ಪುಸ್ತಕದ ಐತಿಹಾಸಿಕ ಪ್ರಭಾವವೂ ಅದರ ಪುನರ್ವಾಚನ ಯೋಗ್ಯತೆಯೂ ಒಂದೇ ಅಲ್ಲ ಎಂಬುದಕ್ಕೆ ಇದು ಸಾಕ್ಷಿ. ಅ.ನ.ಕೃ. ಅವರಿಗೆ ಇದರಿಂದ ಅಗೌರವವಾಗುವುದಿಲ್ಲ. ಒಂದು ಇಡೀ ಪೀಳಿಗೆಗೆ ಓದಿನ ಹಸಿವೆಯನ್ನು ಹುಟ್ಟಿಸಿದವರು ಅವರು. ಹಸಿವೆ ಹುಟ್ಟಿಸಿದ ತುತ್ತನ್ನೇ ಕೊನೆಯವರೆಗೂ ಉಣ್ಣಬೇಕೆಂಬ ನಿಯಮವಿಲ್ಲ.

ಬೀಚಿಯವರ ಕೃತಿಗಳ ವಿಷಯದಲ್ಲಿ ತೀರ್ಮಾನ ಇನ್ನೂ ಕಠಿನ. ‘ದಾಸಕೂಟ’, ‘ಸರಸ್ವತಿ ಸಂಹಾರ’ ಮೊದಲಾದ ಕಾದಂಬರಿಗಳು ಅವರಿಗಿವೆ. ಆದರೆ ಜನ ಅವರನ್ನು ನೆನೆಯುವುದು ತಿಂಮನಿಂದ. ನಗೆಮಾತಿಗೆ ಮರು ಓದು ಶತ್ರುವೆಂದು ಹೇಳುವುದುಂಟು. ಕೊನೆಯ ತಿರುವು ತಿಳಿದ ಮೇಲೆ ನಗೆ ಬಾರದು. ಇದು ಅರ್ಧ ಸತ್ಯ. ಶ್ಲೇಷೆಯನ್ನೇ ನಂಬಿದ ನಗೆ ಎರಡನೆಯ ಸಲ ಸೊರಗುತ್ತದೆ. ಬೀಚಿಯವರಲ್ಲಿ ಅಂಥದು ಧಾರಾಳವಾಗಿದೆ. ಕಾದಂಬರಿಯ ಕರುಣ ಸನ್ನಿವೇಶದ ನಡುವೆಯೂ ಅವರು ಒಂದು ಚಾಟು ಮಾತನ್ನು ಬಿಡಲಾರರು. ಮೊದಲ ಓದಿನಲ್ಲಿ ಅದು ಬಿಡುಗಡೆ, ಎರಡನೆಯದರಲ್ಲಿ ಅಡಚಣೆ. ಆದರೆ ಅವರ ಆತ್ಮಕಥೆ ‘ನನ್ನ ಭಯಾಗ್ರಫಿ’ಯ ಬಗೆ ಬೇರೆ. ಅದನ್ನು ನಾವು ಮತ್ತೆ ಓದಿದಾಗ ನಕ್ಕ ಸ್ಥಳಗಳಲ್ಲಿ ನಗೆ ಬರಲಿಲ್ಲ. ಬಾಲ್ಯದ ಬಡತನ, ಪರರ ಮನೆಯ ಅನ್ನ, ಇವು ಮೇಲೆದ್ದು ಬಂದವು. ನಗೆ ಅಲ್ಲಿ ಹೊದಿಕೆಯಾಗಿದ್ದಿತು. ಹೊದಿಕೆ ಸರಿದ ಮೇಲೆ ಕಂಡುದು ಬೇರೆ ಪುಸ್ತಕ. ಕಾದಂಬರಿಕಾರ ಬೀಚಿಯವರ ಅತ್ಯುತ್ತಮ ಕಾದಂಬರಿ ಅವರ ಆತ್ಮಕಥೆಯೇ ಎಂದು ಹೇಳಿದರೆ ಅತಿಶಯೋಕ್ತಿ ಎನ್ನಿಸಬಹುದು. ನಾವು ಆ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ.

ಹರಪನಹಳ್ಳಿಯನ್ನು ಬಿಡುವ ಮುನ್ನ ಇನ್ನೊಂದು ಕೃತಿ. ಅದು ಹರಪನಹಳ್ಳಿಯದಲ್ಲ, ಹರಪನಹಳ್ಳಿಯ ಎದುರಾಳಿಯದು. ತ. ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ 1982ರಲ್ಲಿ ಪ್ರಕಟವಾಯಿತು; 1984ರಲ್ಲಿ ಲೇಖಕರು ತೀರಿಕೊಂಡ ಮೇಲೆ, 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಿತು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಿಂದ ಚಿತ್ರದುರ್ಗದ ಪಾಳೆಯಗಾರರ ಕಥೆಯನ್ನು ಬರೆಯುತ್ತ ಬಂದ ತ.ರಾ.ಸು. ಕೊನೆಗೆ 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಬಿದ್ದುದನ್ನು ಬರೆದರು. ಇದರ ಹೆಸರಿನಲ್ಲಿಯೇ ಒಂದು ಜಾಣತನವಿದೆ. ಅಸ್ತಮಾನವಾಗುತ್ತದೆ ಎಂದು ಮುಖಪುಟವೇ ಹೇಳಿಬಿಟ್ಟಿತು. ಇನ್ನು ‘ಮುಂದೇನು’ ಎಂದು ಕೇಳುವಂತಿಲ್ಲ. ಮೊದಲ ಸಲ ಓದುವವನನ್ನೂ ಲೇಖಕರು ಎರಡನೆಯ ಸಲ ಓದುವವನ ಸ್ಥಿತಿಯಲ್ಲಿ ಕೂರಿಸುತ್ತಾರೆ. ಮಾಸ್ತಿಯವರ ‘ಚಿಕವೀರರಾಜೇಂದ್ರ’ದಲ್ಲಿಯೂ (1956) ಇದೇ ಬಗೆ: 1834ರಲ್ಲಿ ಕೊಡಗು ಇಂಗ್ಲಿಷರ ವಶವಾದುದು ಶಾಲೆಯ ಮಗುವಿಗೂ ಗೊತ್ತು. ಐತಿಹಾಸಿಕ ಕಾದಂಬರಿಯಲ್ಲಿ ಕೆಲಸ ಮಾಡುವ ಶಕ್ತಿ ಕುತೂಹಲವಲ್ಲ, ಆತಂಕ. ಕುತೂಹಲ ಒಂದು ಸಲಕ್ಕೆ ತೀರುತ್ತದೆ. ಬಿದ್ದೇ ಬೀಳುವ ಕೋಟೆಯಲ್ಲಿ ಜನ ಮದುವೆಗೆ ಚಪ್ಪರ ಹಾಕುವುದನ್ನು ನೋಡುವ ಆತಂಕ ಪ್ರತಿ ಓದಿನಲ್ಲಿಯೂ ಇರುತ್ತದೆ.

ಇಷ್ಟು ಎಲ್ಲ ವಾಚಕರಿಗೂ ಸಾಮಾನ್ಯ. ಹರಪನಹಳ್ಳಿಯ ವಾಚಕನಿಗೆ ಇನ್ನೊಂದು ಇಕ್ಕಟ್ಟಿದೆ. ದುರ್ಗಕ್ಕೂ ಹರಪನಹಳ್ಳಿಗೂ ತಲೆಮಾರುಗಳ ಹಗೆ. 1748ರ ಸುಮಾರಿಗೆ ಮಾಯಕೊಂಡದಲ್ಲಿ ಹಿರೇಮದಕರಿನಾಯಕ ಮಡಿದ ಯುದ್ಧದಲ್ಲಿ ಬಿದನೂರಿನ ಪಕ್ಷದಲ್ಲಿ ನಿಂತವರೊಳಗೆ ಹರಪನಹಳ್ಳಿಯವರೂ ಇದ್ದರು. ತ.ರಾ.ಸು. ಬರೆಯುವುದು ದುರ್ಗದ ಅಭಿಮಾನದಿಂದ. ಅದನ್ನು ಅವರು ಮರೆಮಾಡುವುದೂ ಇಲ್ಲ. ಕಾದಂಬರಿ ಮೊದಲ ಓದಿನಲ್ಲಿ ಎಂಥ ವಾಚಕನನ್ನಾದರೂ ದುರ್ಗದವನನ್ನಾಗಿ ಮಾಡಿಕೊಳ್ಳುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಹರಪನಹಳ್ಳಿಯ ಕಡೆಯವನೊಬ್ಬ, ಇಡೀ ಪುಸ್ತಕವನ್ನು ಮದಕರಿಯ ಪಕ್ಷದಿಂದಲೇ ಓದಿ ಕಣ್ಣೀರಿಟ್ಟವನು, ಎರಡನೆಯ ಸಲ ಓದುವಾಗ ತನ್ನೂರಿನ ಹೆಸರು ಶತ್ರುಗಳ ಸಾಲಿನಲ್ಲಿ ಬರುವುದನ್ನು ಕಂಡು ಪೆಚ್ಚಾದನಂತೆ. ಮೊದಲ ಸಲ ಆ ಹೆಸರು ಕಣ್ಣಿಗೆ ಬಿದ್ದಿರಲೇ ಇಲ್ಲ! ಕೂಡ್ಲಿಗಿ ತಾಲ್ಲೂಕಿನ ಜರಿಮಲೆಯವನಾದರೆ ಇಕ್ಕಟ್ಟು ಬೇರೆ ಬಗೆಯದು. ಜರಿಮಲೆಯ ಮನೆತನ ದುರ್ಗದೊಡನೆ ಬಾಂಧವ್ಯ ಬೆಳೆಸಿದ್ದು, ಶತ್ರುಪಕ್ಷದ ಮಾತು ಅವನಿಗೆ ಹತ್ತುವುದಿಲ್ಲ.

ಇಲ್ಲಿ ಎರಡನೆಯ ಓದು ಕೃತಿಗೆ ಕೇಳುವ ಪ್ರಶ್ನೆ ಹೀಗೆ: ಎದುರಿನ ಪಾಳೆಯದ ದೃಷ್ಟಿಯಿಂದ ನೋಡಿದರೂ ಈ ಕಾದಂಬರಿ ನಿಲ್ಲುವುದೆ? ನಮ್ಮ ಅಭಿಪ್ರಾಯದಲ್ಲಿ ನಿಲ್ಲುತ್ತದೆ, ಆದರೆ ಕುಂಟುತ್ತ. ನೆರೆಯ ಪಾಳೆಯಗಾರರಿಗೆ ತ.ರಾ.ಸು. ದುರ್ಗದವರಿಗೆ ಕೊಟ್ಟಷ್ಟು ಒಳಮನಸ್ಸನ್ನು ಕೊಟ್ಟಿಲ್ಲ. ಅವರಿಗೆ ಹೊಂಚು ಉಂಟು, ದುಃಖ ಕಡಮೆ. ಸಾಲದುದಕ್ಕೆ ವರ್ಣನೆಯ ಉಬ್ಬರ ಕೆಲವೆಡೆ ವಾಚಕನನ್ನು ತಳ್ಳಿಕೊಂಡು ಹೋಗುತ್ತದೆ. ಎರಡನೆಯ ಸಲ ಆ ತಳ್ಳುವ ಕೈ ಕಾಣುತ್ತದೆ. ಆದರೂ ಕೋಟೆಯೊಳಗಣ ರಾಜಕಾರಣದ ಚಿತ್ರ, ಒಬ್ಬ ಅರಸು ತನ್ನವರನ್ನೇ ನಂಬಲಾರದೆ ಒಬ್ಬಂಟಿಯಾಗುವ ಕ್ರಮ, ಇವುಗಳಲ್ಲಿ ಮೊದಲ ಓದಿಗೆ ಸಿಕ್ಕದ ಸೂಕ್ಷ್ಮಗಳಿವೆ. ಹೈದರನ ತೋಪು ಕೋಟೆಗೆ ತಗಲುವ ಮುನ್ನವೇ ಕೋಟೆ ಒಳಗಿನಿಂದ ಬಿರಿದಿದ್ದಿತೆಂಬುದು ಎರಡನೆಯ ಸಲವೇ ಮನವರಿಕೆಯಾಗುವ ವಿಷಯ.

ಇನ್ನು ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಮದರಾಸು ರಾಜ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1953ನೆಯ ಅಕ್ಟೋಬರ್ 1ರಂದು. ಅದೇ ದಿನಾಂಕವೇ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಜನ್ಮದಿನ. ಇದು ಕೇವಲ ಕಾಕತಾಳೀಯ. ಆದರೂ ಗಡಿ ಹೇಗೆ ಒಂದು ದಿನದಲ್ಲಿ ಸರಿಯುತ್ತದೆ, ಜನ ಹೇಗೆ ಸರಿಯುವುದಿಲ್ಲ ಎಂಬುದನ್ನು ಬಾಳೆಲ್ಲ ಬರೆದವರಿಗೆ ಒಪ್ಪುವ ಕಾಕತಾಳೀಯ. (ಗಡಿ ಸರಿಯುವುದು ಅಲ್ಲಿಗೆ ನಿಲ್ಲಲಿಲ್ಲ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಹಿಂದಿರುಗಿ, 2021ರಲ್ಲಿ ಉಳಿದ ನಾಲ್ಕರೊಡನೆ ವಿಜಯನಗರ ಜಿಲ್ಲೆಯನ್ನು ಸೇರಿತು.) ಉಪಾಧ್ಯಾಯರಾಗಿ ಅವರು ಬಹುಕಾಲ ಇದ್ದುದು ಆಂಧ್ರದ ರಾಯಲಸೀಮೆಯಲ್ಲಿ. ಸ್ವಂತ ಊರಿನ ಮಾತು ದೂರದಲ್ಲಿದ್ದವನ ಕಿವಿಯಲ್ಲಿ ಹೆಚ್ಚು ಸ್ಪಷ್ಟವಾಗಿ ಮೊಳಗುತ್ತದೆಂಬುದಕ್ಕೆ ಅವರ ಗದ್ಯವೇ ಪ್ರಮಾಣ. ಅವರ ಕಥೆಗಳಿಂದ ‘ಕೊಟ್ರೇಶಿ ಕನಸು’ (1994), ‘ಕೂರ್ಮಾವತಾರ’ (2011) ಮೊದಲಾದ ಚಲನಚಿತ್ರಗಳು ಬಂದುದರಿಂದ, ಪುಸ್ತಕ ಓದದವರಿಗೂ ಅವರ ಹೆಸರು ಪರಿಚಿತ.

ಅವರ ‘ಅರಮನೆ’ಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಪ್ರಶಸ್ತಿಯಾದ ಮೇಲೆ ಬಹಳ ಜನ ಅದನ್ನು ಕೊಂಡರು. ಕೊಂಡವರಲ್ಲಿ ಹಲವರು ಮಧ್ಯದಲ್ಲಿಯೇ ಕೆಳಗಿಟ್ಟರೆಂಬುದು ನಾವು ಬಲ್ಲ ಅಧ್ಯಾಪಕ ವಲಯದ ಗುಟ್ಟಲ್ಲದ ಗುಟ್ಟು. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ವಾಕ್ಯ ಸರಪಣಿಯಂತೆ ಮುಂದುವರಿಯುತ್ತದೆ. ಒಂದು ವಾಕ್ಯದೊಳಗೆ ಹತ್ತು ಹೆಸರು, ಪ್ರತಿ ಹೆಸರಿಗೆ ಒಂದು ಊರು, ಊರಿಗೊಂದು ಐತಿಹ್ಯ. ಉಚ್ಚಾರಣೆಯಂತೆಯೇ ಬರಹ. ಮೈಸೂರಿನ ವಾಚಕನಿಗೆ ಇದು ಬೇರೆ ಭಾಷೆ; ಕೂಡ್ಲಿಗಿಯ ವಾಚಕನಿಗೆ ಇದು ಮನೆಯ ಭಾಷೆ. ಆದರೆ ಅಚ್ಚಿನಲ್ಲಿ ಕಂಡರಿಯದ ಕಾರಣ ಅವನಿಗೂ ಕಣ್ಣು ತೊಡರುತ್ತದೆ. ಇದೇ ಸ್ವಾರಸ್ಯ. ನಾವು ಕೂಡ್ಲಿಗಿ ಕಡೆಯ ವಿದ್ಯಾರ್ಥಿಗಳಿಗೆ ಮಾಡಿದ ಸೂಚನೆ ಒಂದೇ: ಎರಡನೆಯ ಸಲ ಓದುವಾಗ ಗಟ್ಟಿಯಾಗಿ ಓದಿರಿ. ಹಾಗೆ ಓದಿದಾಗ ಉಸಿರು ಎಲ್ಲಿ ನಿಲ್ಲಬೇಕೆಂಬುದು ತಾನಾಗಿಯೇ ತಿಳಿದುಬಂದಿತು. ಜಾತ್ರೆಯಿಂದ ಹಿಂದಿರುಗಿದ ಮುದುಕಿ ಕಟ್ಟೆಯ ಮೇಲೆ ಕುಳಿತು ಹೇಳುವಾಗ ಪೂರ್ಣವಿರಾಮವನ್ನು ಎಲ್ಲಿ ಇಡುತ್ತಾಳೆ? ಎಲೆಯಡಿಕೆ ಮೆಲ್ಲಲು ಬಾಯಿ ನಿಂತಾಗ. ‘ಅರಮನೆ’ಯ ವಾಕ್ಯಕ್ಕೂ ಅಂಥದೇ ಅಳತೆ.

ಕಥೆಯ ಕಾಲ ಥಾಮಸ್ ಮನ್ರೋನದು. 1800ರಲ್ಲಿ ನಿಜಾಮನು ಕಂಪೆನಿಗೆ ಬಿಟ್ಟುಕೊಟ್ಟ ‘ದತ್ತ ಮಂಡಲ’ಕ್ಕೆ, ಅಂದರೆ ಬಳ್ಳಾರಿ, ಅನಂತಪುರ, ಕಡಪಾ ಮೊದಲಾದ ಸೀಮೆಗೆ, 1807ರ ತನಕ ಮುಖ್ಯ ಕಲೆಕ್ಟರನಾಗಿದ್ದವನು ಮನ್ರೋ. ಪಾಳೆಯಗಾರರನ್ನು ಅಡಗಿಸಿದವನು, ಹೊಲ ಹೊಲವನ್ನೂ ಅಳೆಯಿಸಿದವನು, ರೈತನಿಂದ ನೇರವಾಗಿ ಕಂದಾಯ ಎತ್ತುವ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದವನು. ಮುಂದೆ ಮದರಾಸಿನ ಗವರ್ನರನಾಗಿ, 1827ರಲ್ಲಿ ಇದೇ ಸೀಮೆಯ ಪ್ರವಾಸದಲ್ಲಿದ್ದಾಗ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು. ಕಡತದ ಮನ್ರೋ ಇವನು. ಆದರೆ ಈ ಸೀಮೆಯ ಜನ ತಮ್ಮ ಮಕ್ಕಳಿಗೆ ಅವನ ಹೆಸರಿಟ್ಟರು. ಐತಿಹ್ಯಗಳಲ್ಲಿ ಅವನನ್ನು ದೇವರ ಪ್ರಸಾದ ಪಡೆದ ಭಕ್ತನನ್ನಾಗಿ ಮಾಡಿದರು. ಪರದೇಶದ ಸುಂಕಾಧಿಕಾರಿಯೊಬ್ಬನು ಜನರ ಬಾಯಲ್ಲಿ ಅರ್ಧ ದೇವರಾದುದು ಹೇಗೆ? ಕುಂ.ವೀ. ಬರೆದಿರುವುದು ಇದನ್ನೇ. ಒಂದು ಕಡೆ ಕುದುರೆಡವಿನ ಅರಮನೆ ಹಳೆಯ ಹೆಮ್ಮೆಯನ್ನು ಹೊದ್ದು ಕೊಳೆಯುತ್ತಿದೆ. ಇನ್ನೊಂದು ಕಡೆ ತಾಯಿ ಸಾಂಬವಿ ಸಾಮಾನ್ಯನ ಮೈದುಂಬಿ ಬರುತ್ತಾಳೆ. ಮೂರನೆಯ ಕಡೆಯಿಂದ ಕುದುರೆಯೇರಿ ಕಲೆಕ್ಟರ್ ಬರುತ್ತಾನೆ.

ಮೊದಲ ಓದಿನಲ್ಲಿ ನಮಗೆ ಈ ಮೂರರಲ್ಲಿ ಕಂಡುದು ಅಡ್ಡಾದಿಡ್ಡಿಯಾದ ಒಂದು ಸಂತೆ. ಪವಾಡದ ಮೇಲೆ ಪವಾಡ. ಹಾಸ್ಯವೋ ಭಯವೋ ತಿಳಿಯದ ಸನ್ನಿವೇಶಗಳು. ಮರಳಿ ಓದಿದಾಗ, ಈ ಮೂರೂ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತಿವೆಯೆಂದು ತೋರಿತು: ಅಧಿಕಾರ ಎಲ್ಲಿ ವಾಸವಾಗಿರುತ್ತದೆ? ಅರಮನೆಯಲ್ಲಿ ಅದು ಹೆಸರಿಗೆ ಮಾತ್ರ. ಕಲೆಕ್ಟರನ ಕಾಗದದಲ್ಲಿ ಅದು ಹೊಸದಾಗಿ ಬಂದು ಕೂತಿದೆ. ಆದರೆ ಕಾಗದವನ್ನು ಓದಬಲ್ಲವರಿಲ್ಲ. ಜನ ನಂಬುವುದು ಮೈಮೇಲೆ ಬಂದ ತಾಯಿಯ ಮಾತನ್ನು. ಹಾಗಾಗಿ ಕಲೆಕ್ಟರ್ ಕೂಡ ಜನರ ಒಳಗೆ ಇಳಿಯಬೇಕಾದರೆ ತಾಯಿಯ ಅಂಗಳದ ಮೂಲಕವೇ ಬರಬೇಕು. ಪುಸ್ತಕದ ಹೆಸರು ಯಾವ ಕಟ್ಟಡಕ್ಕೆ ಸಲ್ಲುತ್ತದೆ, ಬೀಳುತ್ತಿರುವ ಉಪ್ಪರಿಗೆಗೋ ಏಳುತ್ತಿರುವ ಗುಡಿಗೋ ಎಂಬ ಸಂದೇಹ ಮೊದಲ ಸಲ ಹುಟ್ಟುವುದೇ ಇಲ್ಲ. ಹೀಗೆ ತನ್ನ ಶೀರ್ಷಿಕೆಯನ್ನೇ ವಾಚಕನ ಕೈಯಲ್ಲಿ ಬದಲಾಯಿಸಿಕೊಳ್ಳುವ ಕಾದಂಬರಿ ಕನ್ನಡದಲ್ಲಿ ವಿರಳ.

ಆದರೆ ಮೆಚ್ಚಿಗೆಯೊಂದೇ ವಿಮರ್ಶೆಯಾಗದು. ‘ಅರಮನೆ’ಯಲ್ಲಿ ಎರಡನೆಯ ಓದಿಗೆ ಎದುರು ನಿಲ್ಲಲಾರದ ಭಾಗಗಳೂ ಇವೆ. ಬಣ್ಣನೆಯ ಹುಮ್ಮಸ್ಸಿನಲ್ಲಿ ಒಂದೇ ಬಗೆಯ ಸನ್ನಿವೇಶ ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ಪ್ರವಾಹವೆನಿಸಿದ್ದು ಕೆಲವೆಡೆ ಕೇವಲ ಪುನರುಕ್ತಿ. ಮೈತುಂಬುವ ತಾಯಿಯ ಪ್ರಸಂಗಗಳು ತಮ್ಮ ಸಂಖ್ಯೆಯಿಂದಲೇ ತಮ್ಮ ಬಲವನ್ನು ಕಳೆದುಕೊಳ್ಳುತ್ತವೆ. ಹಿಂಸೆಯ ವರ್ಣನೆಯಲ್ಲಿ ಲೇಖಕರಿಗೆ ಒಂದು ಬಗೆಯ ಉತ್ಸಾಹವಿದೆ. ಅದು ಎಲ್ಲೆಡೆಯೂ ಕಥೆಗೆ ಬೇಕಾದುದೆಂದು ನಮಗೆ ತೋರಲಿಲ್ಲ. ಟಾಮಸ್ ಹಾರ್ಡಿ ತನ್ನ ಸೀಮೆಗೆ ವೆಸೆಕ್ಸ್ ಎಂಬ ಹಳೆಯ ಹೆಸರನ್ನು ಕೊಟ್ಟು, ಊರೂರಿಗೂ ಮರುನಾಮಕರಣ ಮಾಡಿ, ಸ್ವಲ್ಪ ದೂರ ನಿಂತು ಬರೆದನು. ಕುಂ.ವೀ. ದೂರ ನಿಲ್ಲುವುದಿಲ್ಲ, ಕೊಟ್ಟೂರು, ಉಜ್ಜಿನಿ, ಹರಪನಹಳ್ಳಿ, ಎಲ್ಲವೂ ಇದ್ದ ಹೆಸರಿನಲ್ಲಿಯೇ ನುಗ್ಗುತ್ತವೆ. ಇದರಿಂದ ಸ್ಥಳೀಯ ವಾಚಕನಿಗೆ ಗುರುತಿನ ಹಿಗ್ಗು ಹೆಚ್ಚು, ಓದಿನ ತಾಳ್ಮೆ ಕಡಮೆ. ನಮ್ಮೂರು ಬಂದಿದೆ ಎಂದು ಆ ಪುಟವನ್ನು ತೋರಿಸುವವರು ಹಲವರು. ಆ ಪುಟದ ಹಿಂದುಮುಂದು ಏನಿದೆ ಎಂದು ಕೇಳಿದರೆ ಉತ್ತರ ತಡವಾಗುತ್ತದೆ.

ಇದರೊಡನೆ ಅವರ ಆತ್ಮಕಥನ ‘ಗಾಂಧಿ ಕ್ಲಾಸು’ ಓದಿದವರಿಗೆ ‘ಅರಮನೆ’ಯ ಎಷ್ಟೋ ಬಿಕ್ಕಟ್ಟುಗಳು ಬಿಡುತ್ತವೆ. ಬೀಚಿಯವರಲ್ಲಿ ಕಂಡಂತೆ ಇಲ್ಲಿಯೂ ನಗೆಯ ಕೆಳಗೆ ಹಸಿವೆಯಿದೆ. ಹರಪನಹಳ್ಳಿಗೂ ಕೊಟ್ಟೂರಿಗೂ ನಡುವಿನ ಹಾದಿ ದೊಡ್ಡದಲ್ಲ. ಇಬ್ಬರು ಲೇಖಕರ ನಡುವೆ ನಲವತ್ತು ವರ್ಷ, ಎರಡು ಜಾತಿ, ಎರಡು ರಾಜ್ಯಾಡಳಿತ. ಆದರೂ ದುಃಖವನ್ನು ಗೇಲಿಯ ಮುಖದಿಂದ ಹೇಳುವ ಚಾಳಿ ಇಬ್ಬರಲ್ಲಿಯೂ ಒಂದೇ. ಇದು ನೆಲದ ಗುಣವೋ ಬಡತನದ ಗುಣವೋ ವಿಚಾರಿಸತಕ್ಕದ್ದು. ಇದೇ ಕೂಡ್ಲಿಗಿ ತಾಲ್ಲೂಕಿನಿಂದ ಬಂದು, ನ್ಯಾಯಾಧೀಶರಾಗಿದ್ದು, 2013ರ ವಿಜಾಪುರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಕೋ. ಚೆನ್ನಬಸಪ್ಪನವರ ಕಾದಂಬರಿಗಳಲ್ಲಿ ಈ ಚಾಳಿ ಇಲ್ಲ; ಅವರದು ಸತ್ಯವನ್ನು ನೇರವಾಗಿ ಮಂಡಿಸುವ ಗದ್ಯ. ಅವರ ವಿಷಯ ಪ್ರತ್ಯೇಕ ಲೇಖನಕ್ಕೆ ತಕ್ಕುದು.

ಸೀಮೆಯ ಕಾದಂಬರಿಗಳನ್ನು ಮಾತ್ರ ಹೇಳಿದರೆ ಪರೀಕ್ಷೆ ಪಕ್ಷಪಾತದ್ದಾದೀತು. ಈ ಬಯಲಿನ ವಾಚಕ ಮಲೆನಾಡಿನ ಕೃತಿಯನ್ನು ಓದುವ ಬಗೆಯನ್ನೂ ನೋಡಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಈ ಭಾಗದ ವಿದ್ಯಾರ್ಥಿಗೆ ಮೊದಲು ಒಂದು ನಿಘಂಟಿನಂತೆ ಎದುರಾಗುತ್ತದೆ. ಕಾಡು, ಹಳ್ಳ, ಜಿಗಣೆ, ಕೊಪ್ಪೆ, ಬಿಡದ ಮಳೆ. ಹನಿ ಮಳೆಗೆ ಮುಗಿಲು ನೋಡುವವನಿಗೆ ಅಷ್ಟು ಮಳೆಯನ್ನು ನಂಬುವುದೇ ಕಷ್ಟ. ಮೊದಲ ಓದು ಆ ಲೋಕದಲ್ಲಿ ಕಾಲೂರಲು ವ್ಯಯವಾಗುತ್ತದೆ. ಆಮೇಲೆ ನೋಡಿರಿ. ಕಾದಂಬರಿ ತೊಡಗುವುದು ನಾಯಿಗುತ್ತಿಯೂ ಅವನ ನಾಯಿ ಹುಲಿಯನೂ ನಡೆದು ಬರುವುದರಿಂದ. ಕೊನೆಯ ಭಾಗದಲ್ಲಿ ತುಂಬಿದ ಹೊಳೆ ಹುಲಿಯನನ್ನು ಕೊಚ್ಚಿಕೊಂಡು ಹೋಗುತ್ತದೆ. ಇದನ್ನು ತಿಳಿದವನು ಮತ್ತೆ ಮೊದಲ ಪುಟ ತೆರೆದರೆ, ಹುಲಿಯ ಬಾಲ ಅಲ್ಲಾಡಿಸಿದ ಸಾಮಾನ್ಯ ವಾಕ್ಯವೂ ಸಾಮಾನ್ಯವಾಗಿ ಉಳಿಯುವುದಿಲ್ಲ. ಇಲ್ಲಿ ಲೇಖಕರು ಒಂದಕ್ಷರವನ್ನೂ ಬದಲಿಸಿಲ್ಲ, ಬದಲಾದವನು ವಾಚಕ. ಯಾವ ಪ್ರಾಣಿಯೂ, ಯಾವ ಮನುಷ್ಯನೂ ಗೌಣವಲ್ಲವೆಂಬ ಕುವೆಂಪು ಅವರ ದೃಷ್ಟಿ ಮೊದಲ ಓದಿನಲ್ಲಿ ಒಂದು ತತ್ತ್ವ. ಎರಡನೆಯದರಲ್ಲಿ ಒಂದು ನಾಯಿ.

ರಾವಬಹಾದ್ದೂರರ ‘ಗ್ರಾಮಾಯಣ’ (1957) ಇದಕ್ಕೆ ವಿರುದ್ಧವಾದ ಅನುಭವ. ಅಲ್ಲಿಯ ಹಳ್ಳಿ ಉತ್ತರ ಕರ್ನಾಟಕದ್ದಾದರೂ ಹಗರಿಬೊಮ್ಮನಹಳ್ಳಿಯ ಹುಡುಗನಿಗೆ ಅದು ನೆರೆಯ ಊರು. ಪಿಡುಗು, ಗೌಡಿಕೆಯ ಜಗಳ, ಮಠದ ಕಲಹ, ಊರೇ ಹಾಳಾಗುವ ಪರಿ, ಇವನ್ನು ಅವನು ಅಜ್ಜನ ಬಾಯಿಂದ ಕೇಳಿಬಲ್ಲನು. ಬಲು ಬೇಗ ಓದಿ ಮುಗಿಸುತ್ತಾನೆ, ಅದೇ ಕೊರತೆ. ಪರಿಚಿತವಾದುದನ್ನು ನಾವು ಓದುವುದಿಲ್ಲ, ಒಪ್ಪಿಕೊಂಡು ಮುಂದೆ ಹೋಗುತ್ತೇವೆ. ಈ ಕಾದಂಬರಿಯಲ್ಲಿ ನಾಯಕನೆಂಬುವನು ಇಲ್ಲ, ಊರೇ ನಾಯಕ ಎಂದು ಎಲ್ಲ ಟಿಪ್ಪಣಿ ಪುಸ್ತಕಗಳೂ ಬರೆಯುತ್ತವೆ. ಅದರಿಂದ ವಾಚಕನಿಗೆ ಒದಗುವ ಕಷ್ಟವನ್ನು ಯಾವುದೂ ಬರೆಯುವುದಿಲ್ಲ. ಊರು ಹಾಳಾದುದಕ್ಕೆ ಯಾರನ್ನು ದೂರಬೇಕು? ಮೊದಲ ಓದಿನಲ್ಲಿ ಇಬ್ಬರು ಮೂವರು ದುಷ್ಟರು ಸಿಕ್ಕುತ್ತಾರೆ. ಎರಡನೆಯ ಓದಿನಲ್ಲಿ ಅವರೂ ಕೈತಪ್ಪಿ ಹೋಗುತ್ತಾರೆ.

ಟಿಪ್ಪಣಿ ಪುಸ್ತಕದ ಮಾತು ಬಂದುದರಿಂದ ನಮ್ಮ ವೃತ್ತಿಯ ವಿಷಯವನ್ನೂ ಹೇಳಬೇಕಾಗಿದೆ. ಪಠ್ಯವಾಗಿ ಗೊತ್ತುಪಡಿಸಿದ ಕಾದಂಬರಿಯನ್ನು ವಿದ್ಯಾರ್ಥಿ ಎಷ್ಟು ಸಲ ಓದುತ್ತಾನೆ? ನಮಗೆ ತೋರುವಂತೆ ಸೊನ್ನೆ ಸಲ, ಅಥವಾ ಇಪ್ಪತ್ತು ಸಲ. ಸೊನ್ನೆ, ಮೂಲವನ್ನು, ಇಪ್ಪತ್ತು, ಅದರ ಸಾರಾಂಶವನ್ನು. ಸಾರಾಂಶವೆಂಬುದು ಕಾದಂಬರಿಯಿಂದ ‘ಮುಂದೇನು’ ಎಂಬುದನ್ನು ಮಾತ್ರ ಹಿಂಡಿ ತೆಗೆದ ರಸ. ಮರು ಓದಿಗೆ ಬೇಕಾದುದೆಲ್ಲ ಹಿಪ್ಪೆಯೆಂದು ಹೊರಬಿದ್ದಿರುತ್ತದೆ. ಪ್ರಶ್ನಪತ್ರಿಕೆ ಮಾಡುವ ನಾವೂ ಇದಕ್ಕೆ ಹೊಣೆ. ‘ಪಾತ್ರಚಿತ್ರಣ ಮಾಡಿರಿ’ ಎಂಬ ಪ್ರಶ್ನೆಗೆ ಒಂದು ಸಲ ಓದಿದವನೂ, ಓದದವನೂ, ಮೂರು ಸಲ ಓದಿದವನೂ ಹೆಚ್ಚು ಕಡಮೆ ಒಂದೇ ಉತ್ತರ ಬರೆಯಬಲ್ಲರು. ಮೂರನೆಯವನಿಗೆ ಸಂದೇಹಗಳು ಹುಟ್ಟಿರುವುದರಿಂದ ಅವನಿಗೇ ಅಂಕ ಕಡಮೆ ಬರುವ ಸಂಭವವೂ ಉಂಟು.

ನಮ್ಮ ವಿಭಾಗದಲ್ಲಿ ಇದಕ್ಕೊಂದು ಸಣ್ಣ ಪ್ರಯತ್ನ ನಡೆದಿದೆ. ಮೊದಲ ವರ್ಷದಲ್ಲಿ ಓದಿದ ಒಂದು ಕಾದಂಬರಿಯನ್ನು ಎರಡನೆಯ ವರ್ಷದ ಕೊನೆಗೆ ಮತ್ತೆ ಓದಿ, ತಮ್ಮದೇ ಹಳೆಯ ಪ್ರಬಂಧದ ಮೇಲೆ ಟಿಪ್ಪಣಿ ಬರೆಯುವಂತೆ ಕೆಲವರಿಗೆ ಹೇಳಿದೆವು. ಬಂದ ಬರಹಗಳಲ್ಲಿ ಹೆಚ್ಚಿನವು ನೀರಸವೇ. ಒಂದು ಮಾತ್ರ ನಮ್ಮ ನೆನಪಿನಲ್ಲಿ ಉಳಿಯಿತು. ಕೂಡ್ಲಿಗಿ ಕಡೆಯ ವಿದ್ಯಾರ್ಥಿನಿಯೊಬ್ಬಳು ‘ಅರಮನೆ’ಯನ್ನು ತನ್ನ ಅಜ್ಜಿಗೆ ಓದಿ ಹೇಳಿದಳಂತೆ. ಅಕ್ಷರ ಬಾರದ ಅಜ್ಜಿ ಮೂರು ಸಂಜೆ ಕೇಳಿ, ನಾಲ್ಕನೆಯ ಸಂಜೆ ಮೊಮ್ಮಗಳನ್ನು ತಡೆದು, ಸಾಂಬವಿಯ ಒಂದು ಪ್ರಸಂಗ ಹಾಗಲ್ಲ ಹೀಗೆ ಎಂದು ತಿದ್ದಿ ತಾನೇ ಹೇಳತೊಡಗಿದಳು. ಮೊಮ್ಮಗಳು ಅದನ್ನು ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದಾಳೆ. ವಿಭಾಗದ ಪುಸ್ತಕ ಭಂಡಾರದ ಪ್ರತಿ ಅದು. ಅಂಚಿನಲ್ಲಿ ಬರೆಯಬಾರದೆಂಬ ನಿಯಮವಿದ್ದರೂ ಅದನ್ನು ಅಳಿಸಲು ನಾವು ಒಪ್ಪಲಿಲ್ಲ.